ಗುಂಡಿನ ಹೊಕ್ಕುಳಿಗೆ ಅರಿಸಿನ

ನನ್ನ ಮಾವ ದಿನಗಟ್ಟಲೆ ಸೀಸ ಕರಗಿಸಿದ ಮನುಷ್ಯ, ತಾನು ಮಾತ್ರ ಯಾವುದಕ್ಕೂ ಕರಗಲಿಲ್ಲ. ಬದುಕಿದ್ದಾಗ ಅವನೆದುರು ನಿಂತು ಮಾತಿಗೊಂದು ‘ರೀ’ ಹಚ್ಚಿದ್ದೇನೆ. ಬರೆಯುವಾಗ ಹಚ್ಚುವುದಿಲ್ಲ. ಹಿರಿಯರಿಗೆ ಮರ್ಯಾದೆ ಕೊಡದ ಸೊಸೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಪೂರ್ತಿ ಓದಿದ ಮೇಲೆ ಅಂದುಕೊಳ್ಳಲಿ.

ನಾನು ಡಾಬಕಾದ ಹುಡುಗಿ. ಔರಾದ ತಾಲ್ಲೂಕಿನ ಚಿಂತಾಕಿಯ ಕುರಿ ಮನೆತನಕ್ಕೆ ಕಿರಿಯ ಸೊಸೆಯಾಗಿ ಬಂದೆ. ಮುಂದೆ ಪಡಸಾಲೆ, ಪಡಸಾಲೆಗೆ ಸಾಗವಾನಿ ಕಂಬಗಳು, ಎದುರಿಗೆ ಅಂಗಳ. ಅಂಗಳದ ಒಂದು ಮಗ್ಗುಲಿಗೆ ತಲೆಬಾಗಿಲು, ಇನ್ನೊಂದು ಮಗ್ಗುಲಿಗೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿದೊಡ್ಡಿ. ಆ ಕಡೆ ತೋಳದ ಕಾಟ ಬಹಳ. ಅದಕ್ಕೆಂದೇ ಮಾವ ಒಂದು ಹಳೆಯ ಬಂದೂಕು ಇಟ್ಟುಕೊಂಡಿದ್ದ. ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಕಬ್ಬಿಣದ ಗಜದಿಂದ ಜಡಿಯುವಂಥದ್ದು. ನಿಜಾಮನ ಕಾಲದ ಲೈಸನ್ಸು. ನಿಜಾಮನ ರಾಜ್ಯ ಮುರಿದಾಗಿನ ಗದ್ದಲ ಮುಗಿದ ಮೇಲೆ ಸರ್ಕಾರ ಊರೂರಿನ ಬಂದೂಕು ಕಿತ್ತುಕೊಂಡು ಹೋಯಿತು. ನಮ್ಮದು ತೋಳದ ಹೆಸರು ಹೇಳಿಕೊಂಡು ಮನೆಗೆ ಮರಳಿತು.

ದೊಡ್ಡಿಯ ಒಂದು ಪದ್ಧತಿ ನನಗೆ ಮದುವೆಯಾದ ಹೊಸದರಲ್ಲೇ ಕಲಿಸಿದರು. ನಸುಕಿನಲ್ಲಾಗಲಿ ಮುಸ್ಸಂಜೆಯಲ್ಲಾಗಲಿ ದೊಡ್ಡಿಯ ಹತ್ತಿರ ಬರುವವರು ದೂರದಿಂದಲೇ ‘ಹೋ ಹುರ್ರ್’ ಎಂದು ಕೂಗು ಹಾಕಬೇಕು. ನಾಯಿಗೆ ತಿಳಿಯಬೇಕು, ಬಂದೂಕು ಹಿಡಿದವನಿಗೂ ತಿಳಿಯಬೇಕು. ಕೂಗದೆ ಬಂದದ್ದು ತೋಳ, ಇಲ್ಲವೆ ಕಳ್ಳ. ಹಿತ್ತಲಿಗೆ ಹೋಗಿ ಬರುವ ಹೊಸ ಮದುಮಗಳು ಕುರಿಯವರ ಕೂಗು ಹಾಕಿಕೊಂಡು ಬರುವುದನ್ನು ನೋಡಿ ನನ್ನ ಗಂಡ ಬಹಳ ದಿನ ನಗುತ್ತಿದ್ದ.

ತೋಳ ಹೊಡೆದದ್ದು ಕಡಿಮೆ, ನಿಶಾನಿ ಹೊಡೆದದ್ದೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಭಾಲ್ಕಿ, ಔರಾದ ಕಡೆಯ ಬಂದೂಕು ಇದ್ದ ಗಂಡಸರೆಲ್ಲ ಯಾವುದಾದರೂ ಊರ ಬಯಲಿನಲ್ಲಿ ಕೂಡುವರು. ಮರಕ್ಕೊಂದು ನೀರು ತುಂಬಿದ ಗಡಿಗೆ ಕಟ್ಟಿ ಹೊಡೆಯುವರು. ಗಡಿಗೆ ಒಡೆದವನಿಗೊಂದು ರುಮಾಲು. ಮಾವನ ಪೆಟ್ಟಿಗೆಯಲ್ಲಿ ರುಮಾಲುಗಳು ತುಂಬಿದ್ದವು. ಮನೆಯ ಹೆಂಗಸರ ಮೈಮೇಲೆ ತೇಪೆಯ ಸೀರೆಗಳಿದ್ದವು.

ಆ ಗುಂಡುಗಳೆಲ್ಲ ನಮ್ಮ ಅಂಗಳದಲ್ಲೇ ಹುಟ್ಟುತ್ತಿದ್ದವು. ಸೀಸ ಸಿಗುವುದು ಕಷ್ಟವಾದ್ದರಿಂದ ಹೊಡೆದ ಸೀಸವನ್ನೇ ಮತ್ತೆ ಹುಡುಕಿ ತರುವುದು ನಮ್ಮ ಮನೆಯ ರೂಢಿ. ಗಡಿಗೆಯ ಹಿಂದಿನ ಮಣ್ಣಿನ ದಿಬ್ಬವನ್ನು ಕೆದಕಿ, ಚಪ್ಪಟೆಯಾದ ಗುಂಡುಗಳನ್ನು ಆರಿಸಿ, ಜೋಳದ ಕಾಳಿನಿಂದ ಹರಳು ತೆಗೆದಂತೆ ಮಣ್ಣು ತೆಗೆದು ಮನೆಗೆ ತರುವರು. ಒಮ್ಮೆ ಮಾವ ಬೀದರಿನಿಂದ ಅಗ್ಗಕ್ಕೆ ಸಿಕ್ಕಿತೆಂದು ಒಂದು ಚೀಲ ಲೋಹದ ಚೂರು ಹೊತ್ತು ತಂದ. ಅದು ಸೀಸವಾಗಿರಲಿಲ್ಲ, ಬಿದರಿ ಪಾತ್ರೆ ಮಾಡುವವರು ಎಸೆದ ಜಸ್ತ, ಅಂದರೆ ಸತು. ಎಷ್ಟು ಉರಿ ಹಾಕಿದರೂ ಅಚ್ಚಿನಲ್ಲಿ ಸರಿಯಾಗಿ ಕೂಡಲಿಲ್ಲ. ಸಿಟ್ಟು ಅವನದು, ಬೈಗುಳ ನಮ್ಮದು. ಉರಿ ಹಾಕಲು ಬರುವುದಿಲ್ಲವೆಂದು ಅತ್ತೆಗೂ ಸೊಸೆಯಂದಿರಿಗೂ ಒಂದೇ ಸಮ ಹಂಚಿದ.

ಕೆಲಸದ ಕ್ರಮ ಹೀಗೆ. ಮೂರು ಕಲ್ಲಿನ ಒಲೆಯ ಮೇಲೆ ಕಬ್ಬಿಣದ ಬಾಣಲೆ. ಸೀಸ ಕರಗಿ ಹಾಲಿನ ಕೆನೆಯಂತೆ ಮೇಲೆ ಕಸ ಕಟ್ಟಿದಾಗ ಚೂರು ಮೇಣ ಎಸೆದು ಕಸ ತೆಗೆಯಬೇಕು. ಆಗ ಏಳುವ ಹೊಗೆಗೆ ತಲೆ ತಿರುಗಿ ಊಟ ಸೇರುತ್ತಿರಲಿಲ್ಲ. ಇಕ್ಕಳದ ಹಾಗಿದ್ದ ಅಚ್ಚಿನೊಳಗೆ ಸೌಟಿನಿಂದ ಹೊಯ್ದು, ತುಸು ತಡೆದು ಬಾಯಿ ತೆರೆದರೆ ಗಜ್ಜುಗದ ಗಾತ್ರದ ಗುಂಡು ಗೋಣಿಚೀಲದ ಮೇಲೆ ಬೀಳುತ್ತದೆ. ಅದಕ್ಕೆ ಅಂಟಿದ ಬಾಲವನ್ನು ಕತ್ತರಿಸಬೇಕು. ಬಾಲ ಕತ್ತರಿಸಿದ ಕಡೆ ಸಣ್ಣದೊಂದು ಕುಳಿ ಉಳಿಯುತ್ತದೆ. ಮನೆಯ ಹೆಂಗಸರು ಅದನ್ನು ಹೊಕ್ಕಳ ಎನ್ನುತ್ತಿದ್ದರು.

ಕೊನೆಯ ಕೆಲಸ ಹಚ್ಚುವುದು. ಕುರಿಯ ಕೊಬ್ಬು, ಜೇನುಮೇಣ ಎರಡನ್ನೂ ಕಾಯಿಸಿ ಗುಂಡಿಗೆ ಸವರಿದರೆ ನಳಿಗೆಯೊಳಗೆ ಸಲೀಸಾಗಿ ಇಳಿಯುತ್ತದೆ. ಈ ಕೆಲಸ ನನ್ನ ಗಂಡನ ಅಣ್ಣನ ಹೆಂಡತಿಯದು. ಅವಳು ಭಾಲ್ಕಿಯವಳು, ನನ್ನ ನೆಗೆಣ್ಣಿ. ನಾನು ಅಕ್ಕ ಎನ್ನುತ್ತಿದ್ದೆ. ಅವಳು ಬರುವ ಮೊದಲು ಅತ್ತೆ ಬರೀ ಕೊಬ್ಬು ಹಚ್ಚುತ್ತಿದ್ದಳಂತೆ, ಇರುವೆ ಮುತ್ತುತ್ತಿದ್ದವಂತೆ. ಅಕ್ಕ ಮದುವೆಯಾಗಿ ಬಂದ ವರ್ಷವೇ ಅದಕ್ಕೆ ಅರಿಸಿನ ಕಲೆಸಿದಳು. ಇರುವೆ ಹೋದವು. ಅವಳಿಗೆ ಇನ್ನೊಂದು ಚಾಳಿ: ಮೇಲೆ ಸವರಿದ್ದು ಸಾಲದೆಂದು ಹೊಕ್ಕುಳಿನ ಕುಳಿಗೂ ಹಳದಿ ಮೇಣ ಹಾಕಿ ಹೆಬ್ಬೆರಳಿನಿಂದ ಒತ್ತಿ ತುಂಬುವಳು. “ಖಾಲಿ ಬಿಟ್ಟರ ಗಾಳಿ ಹಿಡದು ಅಡ್ಡ ಹೋಗ್ತದ, ತಂಗಿ” ಎನ್ನುವಳು. ಬೇರೆ ಮನೆಯವರು ಕಾಡಿಗೆ ಹಚ್ಚುತ್ತಿದ್ದರು, ಸಾಬೂನು ಹಚ್ಚುತ್ತಿದ್ದರು. ಹಳದಿ ಹೊಕ್ಕುಳಿನ ಗುಂಡು ಆ ಸೀಮೆಯಲ್ಲೇ ನಮ್ಮ ಮನೆಯದೊಂದೇ. ಮಾವ ಅದನ್ನು ಪಂದ್ಯದಲ್ಲಿ ಎಲ್ಲರಿಗೂ ತೋರಿಸಿ ಮೀಸೆ ತಿರುವುತ್ತಿದ್ದ. ಹಚ್ಚಿದವಳ ಮುಖವನ್ನು ಮಾತ್ರ ಬೆಳಗ್ಗೆ ಎದ್ದ ಕೂಡಲೆ ನೋಡಬಾರದೆಂದು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ.

ಯಾಕೆಂದರೆ ಅಕ್ಕ ವಿಧವೆ. ನಾನು ಆ ಮನೆ ಸೇರುವ ಮೊದಲೇ, ಗದ್ದಲದ ಕಾಲದಲ್ಲಿ, ಅವಳ ಗಂಡ ಇದೇ ಪಡಸಾಲೆಯಲ್ಲಿ ಗುಂಡು ತಿಂದು ಸತ್ತಿದ್ದ. ಆಗ ಅಕ್ಕ ತವರಿಗೆ ಹೋಗಿದ್ದಳು. ಅವಳನ್ನು ಕರೆತರಲು ಅವನು ಭಾಲ್ಕಿಗೆ ಹೋದ. ದಾರಿ ಸರಿಯಿಲ್ಲ, ನೀವು ಮುಂದೆ ಹೋಗಿರಿ, ತಣ್ಣಗಾದ ಮೇಲೆ ಅಣ್ಣನ ಜೊತೆ ಬರುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ಅವನು ಒಬ್ಬನೇ ಮರಳಿದ. ಅವಳು ಬಂದು ಮುಟ್ಟುವ ಹೊತ್ತಿಗೆ ಬೂದಿಯೂ ಇರಲಿಲ್ಲ; ಅವಸರದಲ್ಲಿ ಸುಟ್ಟು ಹೊಳೆಗೆ ಬಿಟ್ಟಿದ್ದರು. ಉಳಿದದ್ದು ಕಂಬದಲ್ಲೊಂದು ತೂತು. ಗುಂಡು ಅವನನ್ನು ಹಾಯ್ದು ಸಾಗವಾನಿಯೊಳಗೆ ಹೂತುಕೊಂಡಿತ್ತು.

ಅಕ್ಕ ದಿನಾ ಬೆಳಗ್ಗೆ ಮಿಂದು ಆ ತೂತಿನ ಸುತ್ತ ಕುಂಕುಮ ಇಡುತ್ತಿದ್ದಳು. ತನ್ನ ಹಣೆಗೆ ಇಡುವಂತಿಲ್ಲ, ಕಂಬಕ್ಕೆ ಇಡಬೇಡವೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವಲ್ಲ. “ಅವರ ಜೀವ ಕಡೀಕ ಮುಟ್ಟಿದ್ದು ಈ ಗೋಲಿಗಿ” ಎಂದು ಒಮ್ಮೆ ನನಗೆ ಹೇಳಿದಳು. ಹೇಳಿದ್ದು ಅಷ್ಟು ಸಹಜವಾಗಿ, ಹಿಟ್ಟು ನಾದುತ್ತ.

ಮಾವ ಬಂದವರಿಗೆಲ್ಲ ಕಥೆ ಹೇಳುತ್ತಿದ್ದ. ಕುದುರೆಯ ಮೇಲೆ ಬಂದವರು ಹೊಡೆದು ಹೋದರು, ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು, ಯಾರೆಂದು ತಿಳಿಯಲಿಲ್ಲ. ಕಥೆಯ ಕೊನೆಗೆ ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸುವನು: “ನನ್ನ ಬಂದೂಕ ಅವತ್ತ ತುಂಬಿದ್ದಿಲ್ಲ ನೋಡ್ರಿ. ತುಂಬಿದ್ರ ಒಬ್ಬನ್ನೂ ಬಿಡ್ತಿದ್ದಿಲ್ಲ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಆಗ ನನಗೆ ಆ ಗಾದೆ ನೆನಪಾಗಲಿಲ್ಲ. ನನಗೆ ಹೊಳೆದದ್ದು ಬೇರೆ: ತೂತು ಇದ್ದದ್ದು ತಲೆಬಾಗಿಲ ಕಡೆಗಲ್ಲ, ಕುರಿದೊಡ್ಡಿಯ ಕಡೆಗೆ. ಕುದುರೆಯವರು ಮುಳ್ಳುಬೇಲಿಯೊಳಗಿಂದ ಹೇಗೆ ಬಂದರು ಎಂದು ಒಮ್ಮೆ ಅತ್ತೆಯನ್ನು ಕೇಳಿದೆ. ಅತ್ತೆ ಎಂದೂ ಕೈ ಎತ್ತಿದವಳಲ್ಲ, ಅಂದು ಸಟ್ಟುಗದಿಂದ ನನ್ನ ಮುಂಗೈಗೆ ಹೊಡೆದಳು. “ಆ ಮಾತ ಮತ್ತ ಆಡಬ್ಯಾಡ” ಎಂದಳು. ಬರೆ ಎದ್ದಿತು. ಮತ್ತೆ ಆಡಲಿಲ್ಲ.

ಕಥೆ ಏನೇ ಇರಲಿ, ಮಾವನ ತೀರ್ಪು ಒಂದೇ. ತಪ್ಪೆಲ್ಲ ಅಕ್ಕನದು. “ಇಕಿ ತವರಮನಿಗಿ ಹೋಗದಿದ್ರ ನನ್ನ ಮಗ ದಾರಿ ಹಿಡೀತಿದ್ದಿಲ್ಲ. ಗಂಡನ್ನ ನುಂಗಿದ ಮಾರಿ.” ಊಟಕ್ಕೆ ಕೂತಾಗ ಅನ್ನುವನು, ಅವಳು ರೊಟ್ಟಿ ಹಾಕುತ್ತಿರುವಾಗಲೇ ಅನ್ನುವನು. ಅಂದು ಅದೇ ರೊಟ್ಟಿ ಮುರಿದು ತಿನ್ನುವನು. ಒಂದು ಸಲ ಬಾಣಲೆಗೆ ಹಸಿ ಚೂರು ಬಿದ್ದು ಸೀಸ ಸಿಡಿಯಿತು, ಅಕ್ಕನ ಕೈಮೇಲೆ ಹನಿ ಬಿತ್ತು. ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವಳ ಕೈಯಿಂದ ಅಚ್ಚು ಜಾರಿತು. ಮಾವ ಓಡಿ ಬಂದ. ಬಂದು ಅಚ್ಚು ಎತ್ತಿಕೊಂಡ, ತಿರುಗಿಸಿ ಮುರುಗಿಸಿ ನೋಡಿದ. “ಮುಕ್ಕಾಗಿಲ್ಲ, ನಿನ್ನ ಪುಣ್ಯ” ಅಂದ. ಅವನನ್ನು ನಾನು ಅಂದಿನಿಂದ ಮನಸಾರೆ ದ್ವೇಷಿಸಿದೆ. ಇಂದಿಗೂ ಅದರಲ್ಲಿ ಬದಲಾವಣೆ ಇಲ್ಲ.

ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವೆಂದು ಸುದ್ದಿ ಬಂದ ಹೊತ್ತು ಅದು. ಬೀದರ ನಮ್ಮ ಕಡೆ ಉಳಿಯುತ್ತದೋ ಆ ಕಡೆ ಹೋಗುತ್ತದೋ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಬಡಿದಾಡಿ ಮುಗಿದಿತ್ತು. ಕನ್ನಡ ಸಾಲಿಗಳು ಹೆಚ್ಚಾಗುತ್ತವೆ, ಮಾಸ್ತರರು ಬೇಕು ಎಂದು ಭಾಲ್ಕಿಯಲ್ಲಿದ್ದ ಅಕ್ಕನ ಅಣ್ಣನಿಗೆ ಬೀದರಿನಲ್ಲಿ ನೌಕರಿ ಸಿಕ್ಕಿತು. ಅಲ್ಲೇ ಚಿದ್ರಿಯಲ್ಲಿ ಮನೆ ಹಿಡಿದಿದ್ದ. ತಂಗಿಯನ್ನು ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದ.

“ಮಾವಾರ, ನಮ್ಮ ತಂಗೀನ ಕಳಸ್ರಿ. ನನ್ನ ಮಕ್ಕಳ ಜೋಡಿ ಇರ್ತಾಳ” ಎಂದು ಮೆತ್ತಗೆ ಕೇಳಿದ.

“ಕರಕೊಂಡ ಹೋಗ. ಪೀಡಾ ಹೋತು ಅಂತೇನಿ” ಎಂದ ಮಾವ.

ಪಡಸಾಲೆಯ ಮೂಲೆಯಲ್ಲಿ ನಿಂತಿದ್ದ ಅಕ್ಕ ಆಗ ಬಾಯಿ ತೆರೆದಳು. ಆ ಮನೆಯಲ್ಲಿ ಅವಳು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. “ಮಾವಾರ, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ಕಂಬದಾಗಿನ ಗೋಲಿ ಒಂದು ಕೊಡ್ರಿ. ಅದರ ಹೊರತು ನಾ ಗಾಡಿ ಹತ್ತಂಗಿಲ್ಲ.”

ಮಾವನ ಮುಖ ಬಿಳಿಚಿತು. ನಾನು ಎದುರಿಗೇ ಇದ್ದೆ, ನೋಡಿದೆ. ಮಗನ ನೆನಪಾಗಿರಬೇಕು ಎಂದು ಒಂದು ಗಳಿಗೆ ಮರುಕವೂ ಆಯಿತು. ವ್ಯರ್ಥವಾಗಿ ಖರ್ಚಾದ ಮರುಕ ಅದು. ಅವನು ಹೇಳಿದ: “ಆ ಸೀಸಾ ಮನಿದು. ರಾಜ್ಯ ಸೇರೂ ದಿನ ಔರಾದದಾಗ ನಿಶಾನಿ ಅದ, ದೊಡ್ಡ ಸಾಹೇಬರು ಬರ್ತಾರ. ರಕ್ತಾ ಕುಡದ ಗೋಲಿ ಗುರಿ ತಪ್ಪಂಗಿಲ್ಲ. ಅದನ್ನ ಕರಗಿಸಿ ಹೊಸಾದು ಹೊಯ್ಯೋದದ.”

ಅಕ್ಕನ ಅಣ್ಣ ಎದ್ದು ನಿಂತ. “ಏನ್ರಿ ಇದು, ಅದು ಆಟಕ್ಕ ಬೇಕೇನ್ರಿ ನಿಮಗ?” ಎಂದ. ಮಾವ ಎದ್ದು ದೊಡ್ಡಿಗೆ ಹೋದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಕ್ಕ ಕಂಬದ ಬುಡದಲ್ಲಿ ಕೂತವಳು ಬಹಳ ಹೊತ್ತು ಏಳಲಿಲ್ಲ. ಅಣ್ಣನಿಗೆ ಹೇಳಿದ್ದು ಇಷ್ಟೇ: “ನಾಳಿ ತನಕ ತಡಿ.”

ಮರುದಿನ ಬೆಳಗ್ಗೆ ಅಕ್ಕ ಬಾವಿಗೆ ಹೊರಟದ್ದೇ ತಡ, ಮಾವ ನನ್ನನ್ನು ಕರೆದ. ಬಾಣಲೆ ಇಡು, ಸೀಸ ಕಾಯಲಿ ಎಂದ. ತಾನು ಉಳಿ, ಸುತ್ತಿಗೆ ತಂದು ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಹೇಳಿದ ಮಾತು ನನಗೆ ವಿಚಿತ್ರವೆನಿಸಿತು: “ಹೊರಗ ಬಂದ ಕೂಡ್ಲೆ ಬಾಣಲಿಗಿ ಒಗಿ. ತೊಳೀಬ್ಯಾಡ, ನೋಡಬ್ಯಾಡ.” ಮಣ್ಣಿನ ದಿಬ್ಬದಿಂದ ತಂದ ಒಂದೊಂದು ಚೂರನ್ನೂ ಮೂರು ನೀರಿನಲ್ಲಿ ತೊಳೆಸುವ ಮನುಷ್ಯ ಹೀಗೇಕೆ ಅನ್ನುತ್ತಾನೆ? ಅತ್ತೆ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಕಲ್ಲು ತಿರುಗುತ್ತಿರಲಿಲ್ಲ.

ಸಾಗವಾನಿ ಸುಲಭಕ್ಕೆ ಬಿಡುವ ಕಟ್ಟಿಗೆಯಲ್ಲ. ಸುತ್ತಿಗೆಯ ಸಪ್ಪಳ ಬಾವಿಯವರೆಗೂ ಕೇಳಿರಬೇಕು. ಅಕ್ಕ ಕೊಡ ಅಲ್ಲೇ ಬಿಟ್ಟು ಓಡಿ ಬಂದಳು, ಸೀರೆಯ ಅಂಚು ಒದ್ದೆಯಾಗಿತ್ತು. ಹಿಂದೆಯೇ ಗಾಡಿಯ ಹತ್ತಿರವಿದ್ದ ಅವಳ ಅಣ್ಣ. ಕುಂಕುಮ ಮೆತ್ತಿದ ಚಕ್ಕೆಗಳು ನೆಲದ ಮೇಲೆ ಬಿದ್ದಿದ್ದವು. ಅವಳನ್ನು ಕಂಡು ಮಾವ ಇನ್ನಷ್ಟು ಅವಸರ ಮಾಡಿದ. ಉಳಿ ಜಾರಿತು. ಗುಂಡು ಸಿಡಿದು, ಪಡಸಾಲೆಯ ಮೆಟ್ಟಿಲು ಇಳಿದು, ಅಂಗಳದಲ್ಲಿ ಉರುಳಿ ಅಕ್ಕನ ಕಾಲ ಬಳಿ ನಿಂತಿತು.

“ಒಗಿ ಬಾಣಲಿಗಿ!” ಮಾವ ಕೂಗಿದ್ದು ನನಗೋ ಅವಳಿಗೋ ತಿಳಿಯಲಿಲ್ಲ. ಅಕ್ಕ ಅದನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ಇಷ್ಟು ವರ್ಷ ಹೊರಗಿನಿಂದ ಕುಂಕುಮ ಇಟ್ಟ ವಸ್ತು ಅಂಗೈಗೆ ಬಂದಿತ್ತು. ಆಮೇಲೆ ಕೈ ಬಿಚ್ಚಿ ನೋಡಿದಳು.

ಮುಂದಿನ ಭಾಗ ಎಲುಬಿಗೋ ಕಟ್ಟಿಗೆಗೋ ಬಡಿದು ಚಪ್ಪಟೆಯಾಗಿತ್ತು. ಹಿಂದಿನ ಭಾಗ ಗುಂಡಗೇ ಇತ್ತು. ಅವಳು ಅದನ್ನು ತಿರುಗಿಸಿದಳು, ಹೆಬ್ಬೆರಳಿನಿಂದ ಉಜ್ಜಿದಳು, ಉಗುರಿನಿಂದ ಕೆರೆದಳು. ಉಗುರಿನ ತುದಿಯನ್ನು ಮೂಗಿಗೆ ಹಿಡಿದಳು. ಅವಳ ಮುಖದಲ್ಲಿ ಆದದ್ದನ್ನು ಹೇಳಲು ನನಗೆ ಬರುವುದಿಲ್ಲ. ನಾನು ಸೌಟು ಬಿಟ್ಟು ಹತ್ತಿರ ಹೋದೆ, ನನ್ನ ಕಣ್ಣಿಗೂ ಕಂಡಿತು. ಗುಂಡಿನ ಹೊಕ್ಕುಳಿನಲ್ಲಿ ಮೇಣ ಇತ್ತು. ಹಳದಿ ಮೇಣ.

ಅಕ್ಕ ಗುಂಡು ಹಿಡಿದುಕೊಂಡೇ ಪಡಸಾಲೆಯ ಕಡೆ ತಿರುಗಿದಳು.

“ಮಾವಾರ,” ಅಕ್ಕ ದನಿ ಎತ್ತಲಿಲ್ಲ, “ಕುದುರಿ ಮ್ಯಾಲ ಬಂದವರು ಗೋಲಿಗಿ ಅರಿಶಿಣ ಹಚ್ಚತಿದ್ರೇನ್ರಿ?”

“ದಿನಾ ಕಂಬಕ್ಕ ಹಚ್ಚಿದ್ದೆಲ್ಲ ಒಳಗ ಇಳದದ” ಎಂದ ಮಾವ.

“ಕಂಬಕ್ಕ ನಾ ಕುಂಕುಮ ಹಚ್ಚೀನ್ರಿ. ಅರಿಶಿಣ ಹಚ್ಚಿಲ್ಲ. ಮೇಣಾನೂ ಹಚ್ಚಿಲ್ಲ.”

ಅವಳ ಅಣ್ಣನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅವನು ಗುಂಡು ನೋಡಿದ, ದೊಡ್ಡಿಯ ಕಡೆ ನೋಡಿದ, ಕಂಬ ನೋಡಿದ. ಮಾವ ಉಳಿ ಕೆಳಗಿಟ್ಟು ಎದ್ದ. ಅಳುತ್ತಾನೆ, ಕಾಲಿಗೆ ಬೀಳುತ್ತಾನೆ, ಕನಿಷ್ಠ ತಲೆ ತಗ್ಗಿಸುತ್ತಾನೆ ಎಂದು ನಾನು ಕಾದೆ. ಅವನು ಧೋತರದ ಧೂಳು ಕೊಡವಿಕೊಂಡ.

“ಅರಿಶಿಣ ತುಂಬಿದಾಕಿ ನೀನs ಹೌದಿಲ್ಲೊ?” ಎಂದ. “ಹಂಗಾರ ನಿನ್ನ ಕೈ ನೋಡ್ಕೊ. ನನ್ನ ಏನ ಕೇಳ್ತಿ? ಅಡ್ಡ ಹೋಗಬಾರದಂತ ತುಂಬ್ತಿದ್ದೆಲ್ಲ, ಅಡ್ಡ ಹೋಗಲಿಲ್ಲ.”

ನಾನು ಈ ವಯಸ್ಸಿನವರೆಗೆ ಬಹಳ ಮಾತು ಕೇಳಿದ್ದೇನೆ, ಬಹಳ ಆಡಿದ್ದೇನೆ. ಅದಕ್ಕಿಂತ ಕೆಟ್ಟದ್ದನ್ನು ಕೇಳಿಲ್ಲ. ಅಕ್ಕನ ಅಣ್ಣ ಸುತ್ತಿಗೆಗೆ ಕೈ ಹಾಕಿದ. ಅಕ್ಕ ಅವನ ಮುಂದೆ ಅಡ್ಡ ನಿಂತು, “ಎತ್ತ ಹೂಡು, ನಡಿ” ಎಂದಳು. ಅವನು ನಿಂತೇ ಇದ್ದ. “ಹೂಡು ಅಂದೆ” ಎಂದಳು. ಅವನು ಹೋದ.

ಆಮೇಲೆ ಅವಳು ಒಲೆಯ ಮುಂದೆ ಕೂತಳು, ನಿತ್ಯ ಕೂರುವ ಜಾಗದಲ್ಲೇ. ಆ ಗುಂಡನ್ನು ತಾನೇ ಬಾಣಲೆಗೆ ಹಾಕಿದಳು. ನಾನು “ಅಕ್ಕಾ” ಎಂದೆ, ಕೇಳಿಸಿಕೊಳ್ಳಲಿಲ್ಲ. ಅದು ತುಸು ಹೊತ್ತು ಉಳಿದ ಸೀಸದ ನಡುವೆ ತೇಲಿದಂತೆ ಕಂಡು, ಅಂಚು ಕಳೆದುಕೊಂಡು, ಎಲ್ಲದರಲ್ಲಿ ಒಂದಾಯಿತು. ಹೊಕ್ಕುಳಿನ ಮೇಣ ಹತ್ತಿಕೊಂಡು ಸಣ್ಣ ಉರಿ ಎದ್ದು ಆರಿತು. ಅವಳು ಕಸ ತೆಗೆದಳು, ಸೌಟಿನಿಂದ ಅಚ್ಚಿಗೆ ಹೊಯ್ದಳು. ಒಂದೇ ಗುಂಡು. ಆರಿದ ಮೇಲೆ ಬಾಲ ಕತ್ತರಿಸಿ, ಕೊಬ್ಬು ಮೇಣ ಸವರಿ, ಹೊಕ್ಕುಳಿಗೆ ಅರಿಸಿನದ ಮೇಣ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಯಾವ ದಿನವೂ ಅಷ್ಟು ಚೊಕ್ಕಟವಾಗಿ ಮಾಡಿದ್ದನ್ನು ನಾನು ನೋಡಿರಲಿಲ್ಲ. ಎದ್ದು ಹೋಗಿ ಮಾವನ ಮುಂದೆ ಹಿಡಿದಳು.

“ತಗೋರಿ. ನಿಮ್ಮ ಮನಿ ಸೀಸಾ. ಇನ್ನೊಮ್ಮಿ ಹೊಡೀರಿ.”

ಅವನು ಕೈ ಚಾಚಿದ. ಹೌದು, ಚಾಚಿದ. ಅವಳು ಅವನ ಅಂಗೈಮೇಲೆ ಹೊಕ್ಕುಳು ಮೇಲಾಗುವಂತೆ ಇಟ್ಟಳು. ಕಾಲು ಮುಟ್ಟಲಿಲ್ಲ. ಅತ್ತೆಯ ಕಡೆ ನೋಡಿದಳು. ಅತ್ತೆ ಸೆರಗು ಮುಖಕ್ಕೆ ಹಾಕಿಕೊಂಡಿದ್ದಳು. ತಲೆಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡಳು. “ಹೊಕ್ಕಳಾ ಖಾಲಿ ಬಿಡಬ್ಯಾಡ, ತಂಗಿ” ಎಂದಳು. ಗಾಡಿ ಬೀದರಿನ ದಾರಿ ಹಿಡಿಯಿತು. ಅವಳು ಆ ಊರಿಗೆ ಮತ್ತೆ ಬರಲಿಲ್ಲ, ಮಾವ ಸತ್ತಾಗಲೂ ಬರಲಿಲ್ಲ.

ರಾಜ್ಯ ಸೇರಿದ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಔರಾದಕ್ಕೆ ಹೋದ. ನನ್ನ ಗಂಡನೂ ಜೊತೆಗಿದ್ದ. ಅಣ್ಣ ಸತ್ತಾಗ ಬೀದರಿನ ಸಾಲಿಯಲ್ಲಿ ಓದುತ್ತಿದ್ದ ಅವನಿಗೆ ಅಕ್ಕ ಗಾಡಿ ಹತ್ತಿದ ದಿನದವರೆಗೆ ಏನೂ ತಿಳಿದಿರಲಿಲ್ಲ. ನಾನು ಹೇಳಿದ ಮೇಲೆ ಅಪ್ಪನ ಜೊತೆ ಮಾತು ಬಿಟ್ಟಿದ್ದ, ಗಾಡಿ ಹೊಡೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮನೆಯಲ್ಲಿ ನಾನು, ಅತ್ತೆ. ಉಣ್ಣೆ ಹಿಂಜುತ್ತ ಕೂತಿದ್ದೆವು. ನಾನು ಕೇಳಲಿಲ್ಲ, ಅವಳೇ ಹೇಳಿದಳು.

“ದಾರಿ ಮ್ಯಾಲ ನಿಜಾಮನ ಮಂದಿ ತಡೀತಿದ್ರು ಆಗ. ಭಾಲ್ಕಿಯಿಂದ ಬರೂ ದಾರ್ಯಾಗ, ಬೀದರದಾಗ, ನನ್ನ ಹಿರೀ ಮಗನ ದೋಸ್ತ ಒಬ್ಬಾವ ಇದ್ದ, ಬಟ್ಟಿ ಅಂಗಡಿಯಾವ. ತನ್ನ ಶೇರವಾಣಿ, ಟೊಪ್ಪಿಗಿ ಹಾಕಿ ಕಳಿಸಿದ್ದ, ಯಾರೂ ತಡೀಬಾರದಂತ. ಯಾರೂ ತಡೀಲಿಲ್ಲ. ನಸುಕಿನ್ಯಾಗ ಮಂಜು ಬಿದ್ದಿತ್ತು. ಕೂಗು ಹಾಕಿದ್ರ ಊರಾಗ ಯಾರರ ಕೇಳ್ಯಾರಂತ ಹಾಕಲಾರದ ಬಂದ. ಇವರು ದೊಡ್ಡಿಯಾಗ ಮಲಗಿದ್ರು. ಕೂಗಲಾರದ ಪಡಸಾಲಿ ತನಕ ಬಂದಾನ, ಮೈಮ್ಯಾಲ ಶೇರವಾಣಿ. ಹೊಡದ್ರು. ಬಿದ್ದ ಮ್ಯಾಲ ‘ಅಪ್ಪಾ’ ಅಂದ. ಆವಾಗ ಗೊತ್ತಾತು.”

ಅತ್ತೆಯ ಕೈ ಉಣ್ಣೆ ಹಿಂಜುತ್ತಲೇ ಇತ್ತು. “ಶೇರವಾಣಿ ಒಲಿಗಿ ಹಾಕಿದೆ. ಅದರ ಹಿತ್ತಾಳಿ ಗುಂಡಿ ಸುಡಲಿಲ್ಲ. ಬೂದಿಯಾಗ ಆರಿಸಿ ತಗದೆ.”

“ಇಷ್ಟು ವರ್ಷ ಅಕ್ಕನ್ನ ಮಾರಿ ಅಂತ ಅನ್ಲಿಕ್ಕ ಬಿಟ್ರಿ ಅಲ್ಲ, ಅತ್ತಿ” ಎಂದೆ. ಎದೆಯಲ್ಲಿ ಇದ್ದದ್ದು ಬಾಯಿಗೆ ಬಂತು. “ಒಂದು ಮಾತು ಹೇಳಬಾರದೇನ್ರಿ?”

“ಮಗನೂ ಹೋಗಿದ್ದ. ಗಂಡನ್ನೂ ಹಗ್ಗಕ್ಕ ಕೊಡ್ಲೇನ?” ಎಂದಳು. ಅವಳನ್ನು ನಾನು ಕ್ಷಮಿಸಲಿಲ್ಲ.

ಅವನು ಮಗನನ್ನು ತಿಳಿದು ಕೊಲ್ಲಲಿಲ್ಲ. ಅಷ್ಟು ನ್ಯಾಯ ನಾನು ಕೊಡುತ್ತೇನೆ. ಒಂದು ಬಟ್ಟೆ ಕಂಡ, ಒಂದು ಕೂಗು ಕೇಳಲಿಲ್ಲ, ಹೊಡೆದ. ಅವನು ಅಂದೇ ಎದೆ ಬಡಿದುಕೊಂಡು ಅತ್ತಿದ್ದರೆ ಅಕ್ಕ ಅವನ ಜೊತೆ ಕೂತು ಅಳುತ್ತಿದ್ದಳು, ಅವಳು ಅಂಥವಳು. ಅವನು ಅಳಲಿಲ್ಲ, ಬದಲಿಗೆ ಅವಳಿಗೊಂದು ಹೆಸರಿಟ್ಟ, ದಿನಾ ಊಟದ ಹೊತ್ತಿಗೆ ಕರೆದ.

ಸಂಜೆ ಮಾವ ಮರಳಿದ. ಕೊರಳಲ್ಲಿ ಹಾರ, ತಲೆಗೆ ಹೊಸ ರುಮಾಲು. ಮೊದಲ ಗುಂಡಿಗೇ ಗಡಿಗೆ ಒಡೆಯಿತಂತೆ. ಯಾವ ಗುಂಡು ಎಂದು ನಾನು ಕೇಳಿದೆ. ನನ್ನ ಗಂಡ ನನ್ನ ಮುಖ ನೋಡದೆ, “ಅದs” ಎಂದ. ದೇವರಿದ್ದಾನೆ, ಎಲ್ಲ ನೋಡುತ್ತಾನೆ ಎನ್ನುತ್ತಾರಲ್ಲ, ಅಂದು ಔರಾದದಲ್ಲಿ ಅವನೂ ಚಪ್ಪಾಳೆ ತಟ್ಟಿರಬೇಕು. ಮಾವ ಹೊಟ್ಟೆ ತುಂಬ ಉಂಡ.

ಮರುವಾರ ಅವನು ನನಗೆ ಹೇಳಿದ, ಇನ್ನು ಮೇಲೆ ಹಚ್ಚುವ ಕೆಲಸ ನಿನ್ನದು. “ಅರಿಶಿಣ ಬ್ಯಾಡ. ಕಾಡಿಗಿ ಹಚ್ಚು.”

“ಮನಿ ಪದ್ಧತಿ ರೀ, ಮಾವಾರ” ಎಂದೆ. “ಊರ ತುಂಬ ನಮ್ಮ ಗೋಲಿಗಿ ಹಳದಿ ಗೋಲಿ ಅಂತಾರ. ಬದಲ ಮಾಡಿದ್ರ ಯಾಕಂತ ಕೇಳ್ತಾರಲ್ರಿ. ಏನಂತ ಹೇಳಲಿ?”

ಅವನು ಸುಮ್ಮನಾದ. ಆ ಸುಮ್ಮನಿರುವಿಕೆಯ ರುಚಿ ನನ್ನ ನಾಲಿಗೆಗೆ ಹತ್ತಿತು. ಮರೆಮಾಚುವುದಿಲ್ಲ, ಅದು ಸಿಹಿಯಾಗಿತ್ತು. ಅಂದಿನಿಂದ ಒಂದೊಂದು ಗುಂಡಿನ ಹೊಕ್ಕುಳನ್ನೂ ಒತ್ತಿ ಒತ್ತಿ ತುಂಬಿದೆ, ಅಕ್ಕನಿಗಿಂತ ಅರಿಸಿನ ಹೆಚ್ಚೇ ಹಾಕಿದೆ. ಚೀಲಕ್ಕೆ ತುಂಬಿ ಕೊಡುತ್ತಿರಲಿಲ್ಲ. ಅವನು ಬಂದೂಕು ಹಿಡಿದು ಹೊರಟಾಗ ಮೊರದ ತೌಡಿನ ಮೇಲೆ ಸಾಲಾಗಿ ಜೋಡಿಸಿ, ಹೊಕ್ಕುಳು ಮೇಲೆ ಮಾಡಿ, ಎದುರಿಗೆ ಹಿಡಿಯುತ್ತಿದ್ದೆ. ಅವನು ಒಂದೊಂದನ್ನೇ ಆರಿಸಿಕೊಳ್ಳಬೇಕಿತ್ತು. ಹೋಗದೆ ಇರುವಂತಿಲ್ಲ; ಹೋಗದಿದ್ದರೆ ಜನ ಕೇಳುತ್ತಾರೆ. ಹೋಗುತ್ತಿದ್ದ. ವರ್ಷ ಕಳೆದಂತೆ ಬೆರಳು ನಡುಗತೊಡಗಿತು, ಗಡಿಗೆಗಳು ಉಳಿಯತೊಡಗಿದವು. ಪೆಟ್ಟಿಗೆಗೆ ಹೊಸ ರುಮಾಲು ಬರಲಿಲ್ಲ. ಬಿಡಿ ಮಾವಾರ, ಮನೆಯಲ್ಲಿರಿ ಎಂದು ನಾನು ಒಮ್ಮೆಯೂ ಅನ್ನಲಿಲ್ಲ.

ಊರಿಗೆ ಹೊಸ ಕನ್ನಡ ಸಾಲಿ ಬಂತು. ಧಾರವಾಡದ ಕಡೆಯ ಮಾಸ್ತರನೊಬ್ಬ ಬಂದ, ತಿಳಿಯಾದ ಮನುಷ್ಯ. ಒಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ಮಾವನ ಜೊತೆ ಮಾತಾಡುತ್ತಿದ್ದ. ಉಳಿ ಹಾಕಿ ಕೆತ್ತಿದ್ದರಿಂದ ಕಂಬದ ತೂತು ಈಗ ಮುಷ್ಟಿ ಹೋಗುವಷ್ಟು ದೊಡ್ಡದಾಗಿತ್ತು. ಮಾಸ್ತರ ಅದರಲ್ಲಿ ಬೆರಳಿಟ್ಟು, “ಇದೇನ್ರೀ ಯಜಮಾನ್ರ, ಇಷ್ಟು ಚಲೋ ಕಂಬಕ್ಕ?” ಎಂದು ಕೇಳಿದ.

ಮಾವನ ಮುಖ ಅರಳಿತು. ಹೊಸ ಕಿವಿ ಸಿಕ್ಕಿತ್ತು. ತೊಡೆ ತಟ್ಟಿಕೊಂಡು, “ಅದೊಂದು ದೊಡ್ಡ ಕಥೀ ರೀ. ಗದ್ದಲದಾಗ ಕುದುರಿ ಮ್ಯಾಲ...” ಎಂದು ಸುರು ಮಾಡಿದ.

ನಾನು ಒಳಗಿನಿಂದ ಮೊರ ತಂದು ಅವನ ಮುಂದೆ ಇಟ್ಟೆ. ಹೊಸದಾಗಿ ಹಚ್ಚಿದ ಗುಂಡುಗಳು, ಹಳದಿ ಹೊಕ್ಕುಳುಗಳೆಲ್ಲ ಅವನ ಕಡೆಗೇ. ಸೆರಗು ಸರಿಮಾಡಿಕೊಂಡು ಅಲ್ಲೇ ನಿಂತೆ.

ಅವನು ಮೊರ ನೋಡಿದ. ನನ್ನನ್ನು ನೋಡಿದ. ಆಮೇಲೆ ಕಂಬದ ಕಡೆ, ಮಗ ಬಿದ್ದ ಜಾಗದ ಕಡೆ ನೋಡಿದ. ಮಾಸ್ತರ ಕಾಯುತ್ತಿದ್ದ.

“ಹುಳಾ ತಿಂದದ್ರಿ, ಮಾಸ್ತರ” ಎಂದ ಮಾವ. “ಕಟ್ಟಿಗಿ ಹಳೀದು.”

ನಾನು ಒಳಗೆ ಹೋಗಿ ಇಬ್ಬರಿಗೂ ಚಹಾ ತಂದುಕೊಟ್ಟೆ.